ಪ-ಒತ್ತು

ಏಳನೇತ್ತೆ ಮುಗಿದ ಬ್ಯಾಸಗಿ ಸೂಟಿ.
ಬೆಟಗೇರಿಯ ಚಂಬಣ್ಣ ಕಾಕಾನ ಪ್ರೆಸ್ಸಿನಾಗ
ನನಗ ದಿನಕ್ಕ ಎರಡು ರೂಪಾಯಿ.
ಕೆಲಸ ಇಷ್ಟ: ಛಾಪಿಸಿ ಮುಗಿದ ಮೊಳಿ ಬಿಚ್ಚಿ
ಒಂದೊಂದನ್ನ ಅದರದರ ಖಾನೇಕ ಹಾಕೂದು.
‘ಅ’ ಅನ್ನೂದು ಅದರ ಮನೀಗೆ, ‘ಳ’ ಅನ್ನೂದು ಅದರ ಮನೀಗೆ.
ತಪ್ಪಿದ್ರ, ಕಾಕಾ ಹೇಳತಿದ್ದ,
ನಾಳೆ ಯಾರದೋ ಲಗ್ನಪತ್ರದಾಗ
ಯಾರದೋ ಹೆಸರು.

ಸೀಸದ ಅಕ್ಷರ ಉಲ್ಟಾ ಇರತಾವ.
ತಲಿಕೆಳಗ ಹಿಡಿದು ಎಡಕಿನಿಂದ ಓದಬೇಕು.
ಎಂಟು ದಿನದಾಗ ಬಂತು ನನಗ.
ಅಂಗಡಿ ಬೋರ್ಡು, ಬಸ್ಸಿನ ಹಣಿ, ಎಲ್ಲಾ ತಿರುವಿ ಓದತಿದ್ದೆ,
ಹೊಸದಾಗಿ ಸೈಕಲ್ ಕಲತಾಂವ
ಸುಮ್ಮಸುಮ್ಮನ ಓಣಿ ಸುತ್ತಿದಂಗ.

ಅಪ್ಪ ಕಂಡಕ್ಟರು. ಮುಂಡರಗಿ ವಸ್ತಿ ಗಾಡಿ.
ಒಂದು ರಾತ್ರಿ ನಮ್ಮಲ್ಲಿ, ಒಂದು ರಾತ್ರಿ ಅಲ್ಲಿ.
ವಸ್ತಿ ಅಂದ್ರ ಬಸ್ಸು ಮಲಗೂದು
ಅಂತ ತಿಳಕೊಂಡಿದ್ದೆ:
ದೀಪಾ ಆರಿಸಿ, ಹಿಂದಿನ ಉದ್ದ ಸೀಟಿನ ಮ್ಯಾಲ ಅಪ್ಪ,
ಚಿಲ್ಲರದ ಚೀಲ ತಲಿಗಿಂಬು.

ಆ ದಿವಸ ಒಂದು ಸಣ್ಣ ಫಾರ್ಮು, ಸುತಳಿ ಬಿಗಿದದ್ದು,
ಗುಲಾಬಿ ಕಾರ್ಡಿಗೆ ಛಾಪಿಸಿ ಇಳಿಸಿದ್ದರು.
ಕೈ ಹಾಕಿದೆ.
“ಅದು ಬ್ಯಾಡ,” ಅಂದ ಕಾಕಾ, “ಅದನ್ನ ನಾ ಬಿಚ್ಚತೇನಿ.”
ನಾ ಬಂದಾಗಿಂದ ಕಾಕಾ ಒಂದು ಮೊಳಿ ಬಿಚ್ಚಿದಾಂವಲ್ಲ.
ಚಾ ಕುಡಿಯಾಕ ಹ್ವಾದ. ನಾ ಓದಿದೆ.

ತೊಟ್ಟಿಲ ಕಾರ್ಯ. ಮುಂಡರಗಿ. ಬೆಳಿಗ್ಗೆ ಹತ್ತಕ್ಕೆ.
ಕೂಸಿನ ತಂದೆ: ಶ್ರೀ ನೀಲಪ್ಪ ಹಾದಿಮನಿ,
ಬಸ್ ಕಂಡಕ್ಟರ್, ಗದಗ ಡಿಪೊ.

ಉಲ್ಟಾ ಓದಿದ್ದಕ್ಕ ಹಿಂಗಾತೇನೋ ಅಂತ
ಕನ್ನಡಿ ಹುಡುಕಿದೆ. ಕಾಕಾ ಗಡ್ಡ ಕೆರಕೊಳ್ಳೂ ಒಡಕು ಕನ್ನಡಿ.
ಅದರಾಗ ಅಕ್ಷರ
ನೆಟ್ಟಗ ನಿಂತವು.

ಸುತಳಿ ಬಿಚ್ಚಿದೆ.
‘ಹಾ’ ತನ್ನ ಮನೀಗೆ ಹೋತು, ‘ದಿ’ ತನ್ನ ಮನೀಗೆ.
ನೀಲಪ್ಪನ ಪ-ಒತ್ತು ಮಾತ್ರ ಬೆರಳಿನಾಗ ಉಳೀತು,
ಜ್ವಾಳದ ಕಾಳಿನಷ್ಟು.
ಅದಿಲ್ದ ಸ್ಟಿಕ್ಕಿನಾಗ ‘ಅಪ್ಪ’ ಕೂಡೂದಿಲ್ಲ.
ಕಿಸೆಕ್ಕ ಹಾಕ್ಕೊಂಡೆ.

ಕಾಕಾ ಬಂದು ಖಾಲಿ ಗ್ಯಾಲಿ ನೋಡಿದ, ನನ್ನ ನೋಡಿದ.
ಸಂಜೀಕ ಐದು ರೂಪಾಯಿ ಕೊಟ್ಟ.
ಯಾಕಂತ ಕೇಳಲಿಲ್ಲ ನಾನು.
ಹಿಂದಿನ ದಿನ ಆಗಿದ್ರ ಕೇಳತಿದ್ದೆ.

ಮನ್ಯಾಗ ಅವ್ವ ಒಲಿ ಮುಂದ.
ಪರಾತದಾಗ ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸಿ,
ಮ್ಯಾಲ ಕಾದ ಬೆಲ್ಲ.
ಅಂಟಿನುಂಡಿ. ತಂಗಿ ಹುಟ್ಟಿದಾಗ ಆಯಿ ಕಟ್ಟಿಕೊಟ್ಟಿದ್ದಳು,
ಬಾಣಂತಿ ನಡಾ ಗಟ್ಟಿ ಆಗಲಿ ಅಂತ;
ಕದ್ದು ತಿಂದು ಬೈಸಿಕೊಂಡಿದ್ದೆ.
ಈಗ ನಮ್ಮ ಓಣ್ಯಾಗ ಯಾರೂ ಬಾಣಂತಿ ಇರಲಿಲ್ಲ.

“ಏನ್ ನೋಡ್ತಿ? ತುಪ್ಪ ಹಚ್ಚಿಕೊಂಡು ನೀನೂ ಕಟ್ಟು.
ಆರಿದ್ರ ಉಂಡಿ ಕೂಡೂದಿಲ್ಲ.”
ಎರಡು ಸಲ ತೊಳೆದ ಕೈಗೂ ಚಿಮಣಿ ಎಣ್ಣಿ ವಾಸನಿ.
ಬೆಲ್ಲ ಅಂಗೈ ಸುಡತಿತ್ತು. ಕಟ್ಟಿದೆ.
ಇಪ್ಪತ್ತೊಂದು ಉಂಡಿ ಡಬ್ಬಿ ತುಂಬಿ
ಅಪ್ಪನ ಡ್ಯೂಟಿ ಚೀಲದಾಗ, ಟಿಕೀಟಿನ ಪೆಟ್ಟಿಗಿ ಬಾಜೂ ಇಟ್ಟಳು.
ಅಪ್ಪ ಚೀಲ ಎತ್ತಿದ. ಹೆಗಲು ಒಂದೀಟು ಜೋಲಿತು.
ಭಾರ ಯಾಕಂತ ಅವನೂ ಕೇಳಲಿಲ್ಲ.

ಸೋಮವಾರ ಅರಿಬಿ ಒಗಿಯೂಮುಂದ
ನನ್ನ ಕಿಸೆದಾಗ ಸಿಕ್ಕಿತು ಅವ್ವಗ.
ನೊರಿ ತೊಳೆದು, ಅಂಗೈ ಮ್ಯಾಲ ಇಟ್ಟು ಬಿಸಲಿಗೆ ಹಿಡಿದಳು.
ಸಾಲಿ ಕಲತಾಕಿ ಅಲ್ಲ. “ಇದು ಯಾ ಅಕ್ಷರೋ?”
“ಇದೊಂದ ಇದ್ರ ಅಕ್ಷರ ಅಲ್ಲಬೇ.
ಇನ್ನೊಂದರ ಕೆಳಗ ಇಡಬೇಕು.”
ಸ್ವಲ್ಪ ಹೊತ್ತು ನೋಡಿದಳು.
“ಕೊಟ್ಟು ಬಾ,” ಅಂದಳು, “ಅವರದು ಅವರಿಗಿರಲಿ.”
ಮತ್ತ ಕಲ್ಲಿಗೆ ಬಡಿಯಾಕ ಹತ್ತಿದಳು,
ಅಪ್ಪನ ಖಾಕಿ.